ತನ್ನವರನ್ನು ಕೊಲ್ಲದಿರುವ ಕೆಲಸ

ಇಲಿಮರಿ ಹುಟ್ಟಿದ ಮೂರನೆಯ ದಿನ ಅದರ ಥೈಮಸ್ ಗ್ರಂಥಿಯನ್ನು ತೆಗೆದುಹಾಕಿದರೆ ಏನಾಗಬಹುದು? ಥೈಮಸ್ ಎಂದರೆ ಎದೆಮೂಳೆಯ ಹಿಂದೆ, ಹೃದಯಕ್ಕೆ ತುಸು ಮೇಲೆ ಇರುವ ಮೆತ್ತನೆಯ ಅಂಗ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಬೆಳೆದು ಪಳಗುವುದು ಅಲ್ಲಿ. ಅದನ್ನೇ ಕಿತ್ತುಬಿಟ್ಟರೆ ರೋಗನಿರೋಧಕ ಶಕ್ತಿ ಕುಂದಬೇಕು, ಸಿಕ್ಕಿದ ಸೋಂಕೆಲ್ಲ ತಗುಲಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಜಪಾನಿನ ನಗೋಯಾದಲ್ಲಿರುವ ಐಚಿ ಕ್ಯಾನ್ಸರ್ ಕೇಂದ್ರದ ಯಾಸುವಾಕಿ ನಿಶಿಜುಕಾ ಮತ್ತು ತೆರುಯೊ ಸಕಾಕುರಾ 1969ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಹೊಂದಲಿಲ್ಲ. ಮೂರನೆಯ ದಿನ ಥೈಮಸ್ ಕಳೆದುಕೊಂಡ ಹೆಣ್ಣಿಲಿಗಳ ಅಂಡಾಶಯಗಳೇ ಹಾಳಾಗಿದ್ದವು. ಏಳನೆಯ ದಿನ ತೆಗೆದರೆ ಹಾಗೆ ಆಗುತ್ತಿರಲಿಲ್ಲ.

ಥೈಮಸ್‌ಗೂ ಅಂಡಾಶಯಕ್ಕೂ ನಡುವೆ ಯಾವುದೋ ಹಾರ್ಮೋನಿನ ನಂಟು ಇರಬೇಕು ಎಂಬುದು ಮೊದಲ ಊಹೆ. ಆಮೇಲೆ ತಿಳಿದದ್ದು, ಇಲಿಯ ಸ್ವಂತ ಟಿ ಕೋಶಗಳೇ ಅದರ ಅಂಡಾಶಯದ ಮೇಲೆ ಎರಗುತ್ತಿವೆ ಎಂದು. ತಳಿ ಬದಲಾದರೆ ದಾಳಿಗೆ ಸಿಗುವ ಅಂಗವೂ ಬದಲಾಗುತ್ತಿತ್ತು: ಕೆಲವಕ್ಕೆ ಜಠರ, ಕೆಲವಕ್ಕೆ ಥೈರಾಯ್ಡ್, ಗಂಡಿಲಿಗಳಲ್ಲಿ ವೃಷಣ.

ಕ್ಯೋಟೊದಲ್ಲಿ ವೈದ್ಯಕೀಯ ಓದಿ ಇದೇ ಪ್ರಯೋಗಾಲಯಕ್ಕೆ ಬಂದ ಶಿಮೊನ್ ಸಕಾಗುಚಿ ಎಂಬ ತರುಣನನ್ನು ಈ ಒಗಟು ಹಿಡಿದುಕೊಂಡಿತು. ಟಿ ಕೋಶಗಳನ್ನು ಕೊಡುವ ಗ್ರಂಥಿಯನ್ನು ತೆಗೆದರೆ ಟಿ ಕೋಶಗಳ ಹಾವಳಿ ಹೆಚ್ಚುವುದೇಕೆ? ಅವರು ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ತೆಗೆದು ಥೈಮಸ್ ಇಲ್ಲದ ಮರಿಗಳಿಗೆ ಚುಚ್ಚಿದರು. ಆ ಮರಿಗಳಿಗೆ ಕಾಯಿಲೆ ಬರಲಿಲ್ಲ. 1982ರಲ್ಲಿ ಪ್ರಕಟವಾದ ಈ ಪ್ರಯೋಗದ ಅರ್ಥ ಸರಳ. ಟಿ ಕೋಶಗಳ ನಡುವೆಯೇ ಉಳಿದ ಟಿ ಕೋಶಗಳನ್ನು ತಡೆದು ನಿಲ್ಲಿಸುವ ಒಂದು ಗುಂಪಿದೆ; ಅದು ಥೈಮಸ್‌ನಿಂದ ಹೊರಬೀಳುವುದು ಉಳಿದವುಗಳಿಗಿಂತ ಸ್ವಲ್ಪ ತಡವಾಗಿ. ಮೂರನೆಯ ದಿನಕ್ಕೇ ಬಾಗಿಲು ಮುಚ್ಚಿದರೆ ದಾಳಿ ಮಾಡಬಲ್ಲವು ಹೊರಗೆ ಬಂದಿರುತ್ತವೆ, ತಡೆಯಬೇಕಾದವು ಇನ್ನೂ ಬಂದಿರುವುದಿಲ್ಲ.

ಸರಳವಾದ ಈ ಮಾತನ್ನು ಜಗತ್ತು ಒಪ್ಪಲು ಇಪ್ಪತ್ತು ವರ್ಷ ಬೇಕಾಯಿತು. ನನ್ನನ್ನು ಈ ಕಥೆಯತ್ತ ಎಳೆದ ಸಂಗತಿಗಳಲ್ಲಿ ಅದೂ ಒಂದು. 1970ರ ದಶಕದಲ್ಲಿ ಅಮೆರಿಕದ ರಿಚರ್ಡ್ ಗರ್ಶನ್ ಮತ್ತು ಅವರನ್ನು ಅನುಸರಿಸಿದವರು 'ಸಪ್ರೆಸರ್' ಟಿ ಕೋಶಗಳ ಬಗ್ಗೆ ರಾಶಿ ರಾಶಿ ಬರೆದಿದ್ದರು. ಆ ಕೋಶಗಳ ಗುರುತು ಎಂದು ಐ-ಜೆ ಎಂಬ ಅಣುವನ್ನು ತೋರಿಸಲಾಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಡಿಎನ್‌ಎಯನ್ನು ನೇರವಾಗಿ ಓದುವ ಉಪಾಯಗಳು ಬಂದವು; ಐ-ಜೆ ಜೀನ್ ಇರಬೇಕು ಎಂದಿದ್ದ ಜಾಗದಲ್ಲಿ ನೋಡಿದರೆ ಅಂಥ ಜೀನೇ ಇರಲಿಲ್ಲ. ಇಡೀ ಕ್ಷೇತ್ರ ಕುಸಿದುಬಿತ್ತು. 'ಸಪ್ರೆಸರ್' ಎಂಬ ಮಾತೇ ಮೈಲಿಗೆಯಾಯಿತು. ಬುಡ ಗಟ್ಟಿಯಿಲ್ಲದ ಹಲವು ಪ್ರಯೋಗಗಳ ಜೊತೆಗೆ ಗಟ್ಟಿಯಾಗಿದ್ದ ಪ್ರಶ್ನೆಯನ್ನೂ ವಿಜ್ಞಾನಿಗಳು ಹೊರಗೆ ಎಸೆದರು. ಹೀಗಾಗುವುದು ವಿಜ್ಞಾನದಲ್ಲಿ ಅಪರೂಪವಲ್ಲ, ಆದರೂ ನನಗೆ ಇದನ್ನು ಓದುವಾಗ ಸಂಕಟವಾಗುತ್ತದೆ. ಆ ವರ್ಷಗಳಲ್ಲಿ ಯಾರಿಗೂ ಬೇಡವಾಗಿದ್ದ ವಿಷಯವನ್ನು ಹಿಡಿದುಕೊಂಡು ಸಕಾಗುಚಿ ಅಮೆರಿಕದ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಹೋದರು, ಮತ್ತೆ ಜಪಾನಿಗೆ ಮರಳಿದರು. ಪತ್ನಿ ನೋರಿಕೊ ಸಕಾಗುಚಿ ಜೊತೆಯಲ್ಲೇ ಕೆಲಸ ಮಾಡಿದರು. ಮುಖ್ಯ ಲೇಖನಗಳಲ್ಲಿ ಅವರ ಹೆಸರೂ ಇದೆ.

1995ರಲ್ಲಿ ಅವರಿಗೆ ಬೇಕಾಗಿದ್ದ ಗುರುತು ಸಿಕ್ಕಿತು. ಸಿಡಿ4 ಎಂಬ ಪ್ರೋಟೀನ್ ಹೊತ್ತ ಟಿ ಕೋಶಗಳಲ್ಲಿ ಹತ್ತಕ್ಕೆ ಒಂದರಷ್ಟರ ಮೈಮೇಲೆ ಸಿಡಿ25 ಎಂಬ ಇನ್ನೊಂದು ಪ್ರೋಟೀನ್ ಸದಾ ಇರುತ್ತದೆ. ಸಾಮಾನ್ಯ ಇಲಿಯ ಟಿ ಕೋಶಗಳಿಂದ ಈ ಹತ್ತನೆಯ ಒಂದು ಪಾಲನ್ನು ಬೇರ್ಪಡಿಸಿ, ಉಳಿದವನ್ನು ಸ್ವಂತ ಟಿ ಕೋಶಗಳೇ ಇಲ್ಲದ ಬೋಳು ಇಲಿಗಳಿಗೆ ಕೊಟ್ಟರು. ಹಾಗೆ ಕೊಟ್ಟ ಇಲಿಗಳಲ್ಲಿ ಕಾಣಿಸಿಕೊಂಡ ಕಾಯಿಲೆಗಳ ಪಟ್ಟಿ ಆ ಲೇಖನದಲ್ಲಿದೆ: ಥೈರಾಯ್ಡ್ ಉರಿಯೂತ, ಜಠರದ ಉರಿಯೂತ, ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳ ಸುತ್ತ ಉರಿಯೂತ, ಲಾಲಾಗ್ರಂಥಿ, ಅಡ್ರಿನಲ್, ಅಂಡಾಶಯ, ಮೂತ್ರಪಿಂಡ, ಕೊನೆಗೆ ಹಲವು ಕೀಲುಗಳ ಉರಿಯೂತ. ತೆಗೆದಿಟ್ಟ ಕೋಶಗಳನ್ನು ಬೇಗ ಮರಳಿಸಿದರೆ ಇವು ಯಾವುವೂ ಬರಲಿಲ್ಲ.

ಈ ಪಟ್ಟಿಯನ್ನು ಓದಿದಾಗ ನಾನು ಸುಮ್ಮನೆ ಕುಳಿತುಬಿಟ್ಟೆ. ಅದರಲ್ಲಿ ನನ್ನ ಥೈರಾಯ್ಡ್ ಇತ್ತು, ಅಮ್ಮನ ಕೀಲುಗಳಿದ್ದವು, ಚಿಕ್ಕ ವಯಸ್ಸಿನಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳುವ ಚಿಕ್ಕಮ್ಮನ ಮಗನೂ ಇದ್ದ. ನನಗೆ ಹಶಿಮೊಟೊ ಥೈರಾಯ್ಡ್ ತೊಂದರೆಯಿದೆ. ಹಲವು ವರ್ಷಗಳಿಂದ ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಸಣ್ಣ ಬಿಳಿ ಮಾತ್ರೆಯೊಂದನ್ನು ನುಂಗಿ, ಕಾಫಿಗಾಗಿ ಅರ್ಧ ಗಂಟೆ ಕಾಯುತ್ತೇನೆ. ರಕ್ತ ಪರೀಕ್ಷೆಯ ವರದಿಯಲ್ಲಿ ಆಂಟಿ-ಟಿಪಿಒ ಎಂಬ ಸಾಲಿನ ಮುಂದೆ ದೊಡ್ಡ ಸಂಖ್ಯೆಯೊಂದು ದಪ್ಪ ಅಕ್ಷರದಲ್ಲಿರುತ್ತದೆ. ನನ್ನದೇ ಥೈರಾಯ್ಡಿನ ಕಿಣ್ವವೊಂದರ ವಿರುದ್ಧ ನನ್ನದೇ ದೇಹ ತಯಾರಿಸಿಕೊಂಡ ಪ್ರತಿಕಾಯ ಅದು. ಅಮ್ಮನಿಗೆ ಸಂಧಿವಾತ, ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಅವರ ಬೆರಳುಗಳು ಮಡಿಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿಯನ್ನು ಎರಡೂ ಕೈಗಳಿಂದ ಹಿಡಿಯುತ್ತಾರೆ. ಮನೆಯವರೆಲ್ಲ ಬೇರೆ ಬೇರೆ ವೈದ್ಯರ ಬಳಿಗೆ ಹೋಗುತ್ತೇವೆ, ಬೇರೆ ಬೇರೆ ಫೈಲುಗಳನ್ನು ಇಟ್ಟುಕೊಂಡಿದ್ದೇವೆ. ಇವೆಲ್ಲ ಒಂದೇ ಬಗೆಯ ಸೋಲಿನ ಬೇರೆ ಬೇರೆ ಮುಖಗಳು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಬೇಕು. ನನ್ನಲ್ಲಾಗಲಿ ಅಮ್ಮನಲ್ಲಾಗಲಿ ಈ ತಡೆಗಾರ ಕೋಶಗಳು ಆ ಇಲಿಗಳಂತೆ ಪೂರಾ ಇಲ್ಲವಾಗಿಲ್ಲ. ನಮ್ಮಂಥವರ ರಕ್ತದಲ್ಲಿ ಎಣಿಸಿದರೆ ಅವುಗಳ ಸಂಖ್ಯೆ ಸರಿಯಾಗಿಯೇ ಇರಬಹುದು. ಕೆಲಸದಲ್ಲಿ ಕೊಂಚ ಹಿಂದೆ ಬಿದ್ದಿರಬಹುದು, ಅಥವಾ ದಾಳಿಕೋರ ಕೋಶಗಳು ಅವುಗಳ ಮಾತು ಕೇಳದಂತಾಗಿರಬಹುದು. ಥೈರಾಯ್ಡ್ ಕಾಯಿಲೆಯ ಸಾಧ್ಯತೆಯನ್ನು ತುಸು ಹೆಚ್ಚಿಸುವ ಜೀನ್ ವ್ಯತ್ಯಾಸಗಳಲ್ಲಿ ಸಿಟಿಎಲ್‌ಎ-4 ಎಂಬ ಜೀನಿನದು ಇದೆ. ಟೈಪ್ 1 ಮಧುಮೇಹದ ಪಟ್ಟಿಯಲ್ಲಿ ಸಿಡಿ25ರ ಜೀನೇ ಇದೆ. ಎರಡೂ ಈ ಕೋಶಗಳ ಕೈಗೆ ಬೇಕಾದ ಉಪಕರಣಗಳು. ಸಣ್ಣ ಸಣ್ಣ ಕೊರತೆಗಳು ಸೇರಿ, ಪರಿಸರದ ಯಾವುದೋ ತಳ್ಳುವಿಕೆಯೂ ಸೇರಿ, ತಕ್ಕಡಿ ಒಂದು ಕಡೆಗೆ ವಾಲುತ್ತದೆ.

ಈ ಕೋಶಗಳು ನಿಜಕ್ಕೂ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಜ್‌ನಲ್ಲಿ ವಿಕಿರಣದ ಪರಿಣಾಮಗಳನ್ನು ತಿಳಿಯಲೆಂದು ಇಲಿಗಳನ್ನು ಸಾಕಿದ್ದರು. ಅಲ್ಲಿ ತಾನಾಗಿಯೇ ಹುಟ್ಟಿಕೊಂಡ ಒಂದು ತಳಿಯ ಗಂಡುಮರಿಗಳ ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಗುಲ್ಮ, ದುಗ್ಧಗ್ರಂಥಿಗಳು ಊದಿಕೊಳ್ಳುತ್ತಿದ್ದವು. ಕೆಲವೇ ವಾರಗಳಲ್ಲಿ ಅವು ಸಾಯುತ್ತಿದ್ದವು. ಅವಕ್ಕೆ ಸ್ಕರ್ಫಿ ಎಂದು ಹೆಸರಿಟ್ಟು ಆ ತಳಿಯನ್ನು ದಶಕಗಳ ಕಾಲ ಉಳಿಸಿಕೊಂಡು ಬಂದರು. ಉಳಿಸಿಕೊಂಡು ಬರಲು ಸಾಧ್ಯವಾದದ್ದು ಹೆಣ್ಣಿಲಿಗಳಿಂದ. ದೋಷವಿದ್ದದ್ದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಅವು ಆರೋಗ್ಯವಾಗಿದ್ದು ಮರಿ ಹಾಕುತ್ತಿದ್ದವು.

1990ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಬಾತೆಲ್ ಎಂಬ ಊರಿನ ಔಷಧ ಕಂಪನಿಯೊಂದರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಈ ಇಲಿಯಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಹುಡುಕಲು ಕುಳಿತರು. ಈಗಿನಂತೆ ಇಡೀ ಜೀನೋಮ್ ಓದಿ ಮುಗಿಸುವ ಕಾಲವಲ್ಲ ಅದು. ಎಕ್ಸ್ ಕ್ರೋಮೋಸೋಮಿನ ಉದ್ದ ಸುಮಾರು 17 ಕೋಟಿ ಅಕ್ಷರಗಳು. ತಳಿಗಳನ್ನು ಕೂಡಿಸುತ್ತ, ಮರಿಗಳನ್ನು ಪರೀಕ್ಷಿಸುತ್ತ ಅವರು ಹುಡುಕಾಟವನ್ನು 5 ಲಕ್ಷ ಅಕ್ಷರಗಳಿಗೆ ಇಳಿಸಿದರು. ಅಲ್ಲಿ 20 ಜೀನ್‌ಗಳಿರಬಹುದೆಂದು ಕಂಡಿತು. ಒಂದೊಂದನ್ನೇ ಆರೋಗ್ಯವಂತ ಇಲಿಯ ಜೀನಿನ ಜೊತೆ ಹೋಲಿಸಿ ನೋಡುತ್ತ ಹೋದರು. ದೋಷ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ. ಎರಡೇ ಎರಡು ಹೆಚ್ಚುವರಿ ಅಕ್ಷರಗಳು ನಡುವೆ ಸೇರಿಕೊಂಡು, ಮುಂದಿನ ಓದೆಲ್ಲ ತಪ್ಪಿಹೋಗಿತ್ತು. ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಾಯಿತು. 2001ರಲ್ಲಿ ಅದು ಪ್ರಕಟವಾದ ಹೊತ್ತಿಗೇ ಇನ್ನೊಂದು ವಿಷಯವೂ ಖಚಿತವಾಗಿತ್ತು: ಇದೇ ಜೀನ್ ಕೆಟ್ಟ ಗಂಡುಮಕ್ಕಳು ಮನುಷ್ಯರಲ್ಲೂ ಹುಟ್ಟುತ್ತಾರೆ. ಐಪೆಕ್ಸ್ ಎಂಬ ಆ ಕಾಯಿಲೆಯಲ್ಲಿ ಕೂಸಿಗೆ ಮೊದಲ ತಿಂಗಳುಗಳಲ್ಲೇ ನಿಲ್ಲದ ಭೇದಿ, ಮಧುಮೇಹ, ಮೈತುಂಬ ಇಸುಬು ಕಾಣಿಸಿಕೊಳ್ಳುತ್ತವೆ. ಬೇರೆಯವರ ಮೂಳೆಮಜ್ಜೆಯ ಕಸಿ ಮಾಡದಿದ್ದರೆ ತೀವ್ರ ಸ್ವರೂಪದ ಕಾಯಿಲೆಯಿರುವ ಮಕ್ಕಳು ಉಳಿಯುವುದು ಕಷ್ಟ. 2003ರಲ್ಲಿ ಸಕಾಗುಚಿಯವರ ಗುಂಪೂ ಇನ್ನೆರಡು ಗುಂಪುಗಳೂ ಎರಡು ತುದಿಗಳನ್ನು ಗಂಟು ಹಾಕಿದವು: ಸಕಾಗುಚಿ ಕಂಡ ತಡೆಗಾರ ಕೋಶಗಳನ್ನು ಆ ಕೆಲಸಕ್ಕೆ ಹದಗೊಳಿಸುವುದು ಫಾಕ್ಸ್‌ಪಿ3. ಅವುಗಳ ಹೆಸರು ಈಗ ನಿಯಂತ್ರಕ ಟಿ ಕೋಶಗಳು, ಚಿಕ್ಕದಾಗಿ ಟಿ-ರೆಗ್. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂದಾಗ ಪತ್ರಿಕೆಗಳೆಲ್ಲ ಬರೆದವು, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಐಪೆಕ್ಸ್ ಮಕ್ಕಳ ತಾಯಂದಿರ ಬಗ್ಗೆ. ಅವರ ಎರಡು ಎಕ್ಸ್‌ಗಳಲ್ಲಿ ಒಂದರ ಫಾಕ್ಸ್‌ಪಿ3 ಕೆಟ್ಟಿದೆ. ಹೆಣ್ಣಿನ ದೇಹದ ಪ್ರತಿ ಕೋಶವೂ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಡುತ್ತದೆ, ಯಾವುದನ್ನು ಎಂಬುದು ಆಕಸ್ಮಿಕ. ಆದ್ದರಿಂದ ಅವರ ಚರ್ಮದಲ್ಲೋ ಯಕೃತ್ತಿನಲ್ಲೋ ನೋಡಿದರೆ ಕೆಲವು ಕೋಶಗಳಲ್ಲಿ ಒಳ್ಳೆಯ ಎಕ್ಸ್, ಕೆಲವು ಕೋಶಗಳಲ್ಲಿ ಕೆಟ್ಟ ಎಕ್ಸ್ ತೆರೆದಿರುತ್ತದೆ. ಅವರ ಟಿ-ರೆಗ್‌ಗಳನ್ನು ಬೇರ್ಪಡಿಸಿ ನೋಡಿದರೆ ಮಾತ್ರ ಒಳ್ಳೆಯ ಎಕ್ಸ್ ಇರುವವೇ ಸಿಗುತ್ತವೆ. ಕೆಟ್ಟದ್ದನ್ನು ಹೊತ್ತವು ಟಿ-ರೆಗ್ ಆಗಿ ಉಳಿಯಲಾರವು; ಅವುಗಳ ಜಾಗವನ್ನು ಸರಿಯಿರುವವು ತುಂಬಿಕೊಳ್ಳುತ್ತವೆ. ಅಂಥ ತಾಯಿಯ ದೇಹದಲ್ಲೂ ಫಾಕ್ಸ್‌ಪಿ3 ಕೆಟ್ಟ ದಾಳಿಕೋರ ಕೋಶಗಳು ಸಾಕಷ್ಟಿವೆ. ಆದರೂ ಆಕೆ ಆರೋಗ್ಯವಾಗಿದ್ದಾಳೆ. ಅಂದರೆ ದೇಹವು ಸುಮ್ಮನಿರುವುದಕ್ಕೆ ಎಲ್ಲ ಕೋಶಗಳೂ ಸಾಧುವಾಗಬೇಕಿಲ್ಲ. ಕೆಲವು ಸರಿಯಾಗಿ ದುಡಿದರೆ ಸಾಕು.

ಹಳೆಯ ತಿಳಿವಳಿಕೆಯ ಪ್ರಕಾರ, ತನ್ನವರನ್ನು ಕೊಲ್ಲಬಾರದೆಂಬ ಪಾಠವನ್ನು ಟಿ ಕೋಶಗಳು ಕಲಿತು ಮುಗಿಸುವುದು ಥೈಮಸ್‌ನಲ್ಲಿ. ಟಿ ಕೋಶಗಳ ಗ್ರಾಹಕಗಳು ಜೀನ್ ತುಣುಕುಗಳನ್ನು ಯದ್ವಾತದ್ವಾ ಜೋಡಿಸಿ ತಯಾರಾಗುತ್ತವೆ. ಇನ್ನೂ ಹುಟ್ಟಿರದ ವೈರಾಣುವನ್ನು ಗುರುತಿಸುವ ಶಕ್ತಿ ಬರುವುದು ಹಾಗೆ. ಸ್ವಂತ ದೇಹವನ್ನೇ ಹಿಡಿಯುವ ಗ್ರಾಹಕಗಳೂ ಅದೇ ಜೂಜಿನಲ್ಲಿ ಹುಟ್ಟುತ್ತವೆ. ಥೈಮಸ್ ದೇಹದ ನಾನಾ ಅಂಗಗಳ ಪ್ರೋಟೀನುಗಳ ಮಾದರಿಯನ್ನು ತೋರಿಸಿ, ಅವುಗಳಿಗೆ ಗಟ್ಟಿಯಾಗಿ ಅಂಟುವ ಕೋಶಗಳನ್ನು ಅಲ್ಲೇ ಸಾಯಿಸುತ್ತದೆ. ಒಳಗೆ ಹೊಕ್ಕ ಎಳೆಯ ಕೋಶಗಳಲ್ಲಿ ಬಹುಪಾಲು ಹೊರಗೆ ಬರುವುದೇ ಇಲ್ಲ. ಇಷ್ಟೆಲ್ಲ ಸೋಸಿದ ಮೇಲೂ ಕೆಲವು ಜಾರಿ ಬರುತ್ತವೆ. ನಿಮ್ಮ ಥೈರಾಯ್ಡನ್ನು ಹಿಡಿಯಬಲ್ಲ ಟಿ ಕೋಶ ಈಗ, ಇದನ್ನು ಓದುತ್ತಿರುವಾಗಲೂ, ನಿಮ್ಮ ರಕ್ತದಲ್ಲಿ ತಿರುಗಾಡುತ್ತಿರಬಹುದು.

2007ರಲ್ಲಿ ಅಲೆಕ್ಸಾಂಡರ್ ರುಡೆನ್ಸ್ಕಿ ಅವರ ಗುಂಪು ಮಾಡಿದ ಪ್ರಯೋಗ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಕೂತಿದೆ. ಅವರು ಇಲಿಗಳ ಜೀನನ್ನು ತಿದ್ದಿ, ಡಿಫ್ತೀರಿಯಾ ವಿಷ ಕೊಟ್ಟಾಗ ಟಿ-ರೆಗ್‌ಗಳು ಮಾತ್ರ ಸಾಯುವಂತೆ ಮಾಡಿದರು. ಇಲಿಗಳನ್ನು ಆರೋಗ್ಯವಾಗಿ ಬೆಳೆಯಲು ಬಿಟ್ಟು, ವಯಸ್ಕವಾದ ಮೇಲೆ ವಿಷ ಕೊಟ್ಟರು. ಥೈಮಸ್ ತನ್ನ ಸೋಸುವ ಕೆಲಸವನ್ನು ಮಾಡುತ್ತಲೇ ಇತ್ತು, ಬೇರಾವ ದೋಷವೂ ಇರಲಿಲ್ಲ. ಆದರೂ ಕೆಲವೇ ವಾರಗಳಲ್ಲಿ ಅವು ಸ್ಕರ್ಫಿಯಂತೆಯೇ ಸತ್ತವು. ಎಳವೆಯಲ್ಲಿ ಒಮ್ಮೆ ಕಲಿತ ಪಾಠ ಸಾಲುವುದಿಲ್ಲ. ದೇಹದೊಳಗಿನ ಶಾಂತಿ ಬದುಕಿರುವಷ್ಟೂ ದಿನ, ದಿನ ದಿನವೂ ಯಾರೋ ದುಡಿದು ಉಳಿಸಬೇಕಾದದ್ದು.

ಆ ದುಡಿಮೆಯನ್ನು ಹತ್ತಿರದಿಂದ ನೋಡಿದರೆ ಹೀಗಿದೆ. ಟಿ ಕೋಶವೊಂದು ದಾಳಿಗೆ ಇಳಿಯಬೇಕಾದರೆ ತಾನು ಹಿಡಿಯುವ ವಸ್ತು ಕಂಡರಷ್ಟೇ ಸಾಲದು. ಆ ವಸ್ತುವನ್ನು ತೋರಿಸುವ ಡೆಂಡ್ರೈಟಿಕ್ ಕೋಶ ಸಿಡಿ80, ಸಿಡಿ86 ಎಂಬ ಪ್ರೋಟೀನುಗಳ ಮೂಲಕ ಎರಡನೆಯ ಸಂಕೇತವನ್ನೂ ಕೊಡಬೇಕು. ಟಿ-ರೆಗ್ ಆ ಡೆಂಡ್ರೈಟಿಕ್ ಕೋಶಕ್ಕೆ ಮೈತಾಗಿಸಿ ನಿಲ್ಲುತ್ತದೆ. ತನ್ನ ಸಿಟಿಎಲ್‌ಎ-4ರಿಂದ ಆ ಪ್ರೋಟೀನುಗಳನ್ನು ಹಿಡಿದು, ಕೋಶದ ಪೊರೆಯಿಂದ ಕಿತ್ತು, ತನ್ನೊಳಗೆ ಎಳೆದುಕೊಂಡು ಜೀರ್ಣಿಸುತ್ತದೆ. ಡೆಂಡ್ರೈಟಿಕ್ ಕೋಶ ಬದುಕಿಯೇ ಇರುತ್ತದೆ, ಥೈರಾಯ್ಡಿನ ತುಣುಕನ್ನು ತೋರಿಸುತ್ತಲೇ ಇರುತ್ತದೆ, ಆದರೆ ಎರಡನೆಯ ಸಂಕೇತ ಕೊಡಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಆಮೇಲೆ ಬಂದ ದಾಳಿಕೋರ ನೋಡಿ ಹಾಗೆಯೇ ಮುಂದೆ ಹೋಗುತ್ತದೆ.

ಇನ್ನೊಂದು ಉಪಾಯ ಸಿಡಿ25ರದು. ಟಿ ಕೋಶಗಳು ಕೆರಳಿದಾಗ ಐಎಲ್-2 ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದನ್ನು ಹೀರಿಕೊಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಸಿಡಿ25 ಆ ಐಎಲ್-2ನ್ನು ಬಿಗಿಯಾಗಿ ಹಿಡಿಯುವ ಗ್ರಾಹಕದ ಭಾಗ, ಟಿ-ರೆಗ್‌ಗಳ ಮೈತುಂಬ ಅದೇ. ಹಾಲು ಉಕ್ಕುವ ಹೊತ್ತಿಗೆ ಒಲೆಯ ಸೌದೆಯನ್ನು ಹಿಂದಕ್ಕೆ ಎಳೆಯುವಂತೆ ಅವು ಸುತ್ತಲಿನ ಐಎಲ್-2ನ್ನೆಲ್ಲ ಹೀರಿ ದಾಳಿಕೋರರಿಗೆ ಸಿಗದಂತೆ ಮಾಡುತ್ತವೆ. ಇದರಲ್ಲಿ ನನಗೆ ಬೆರಗು ಹುಟ್ಟಿಸುವ ವಿಷಯವೆಂದರೆ ಟಿ-ರೆಗ್‌ಗಳು ತಾವಾಗಿ ಐಎಲ್-2 ತಯಾರಿಸುವುದೇ ಇಲ್ಲ ಎನ್ನಬಹುದು; ಫಾಕ್ಸ್‌ಪಿ3 ಆ ಜೀನನ್ನು ಅದುಮಿಡುತ್ತದೆ. ಬದುಕಲು ಅವುಗಳಿಗೆ ದಾಳಿಕೋರರು ಬಿಡುವ ಐಎಲ್-2 ಬೇಕೇ ಬೇಕು. ಕೆರಳಿದವರು ಹೆಚ್ಚಾದಷ್ಟೂ ತಡೆಯುವವರೂ ಹೆಚ್ಚುತ್ತಾರೆ. ಕೆರಳಿಕೆ ಇಳಿದರೆ ಇವರೂ ಕಡಿಮೆಯಾಗುತ್ತಾರೆ. ಐಎಲ್-2 ಜೀನನ್ನೇ ಕಿತ್ತುಹಾಕಿದ ಇಲಿಗಳು ದುರ್ಬಲವಾಗಿ ಸೋಂಕಿನಿಂದ ನರಳಬೇಕೆಂದು 1990ರ ದಶಕದಲ್ಲಿ ನಿರೀಕ್ಷಿಸಿದ್ದರು. ಅವುಗಳ ಕರುಳಿನಲ್ಲಿ ಭೀಕರ ಉರಿಯೂತ ಎದ್ದಿತು. ಆ ಫಲಿತಾಂಶ ಅರ್ಥವಾದದ್ದು ಟಿ-ರೆಗ್‌ಗಳು ತಿಳಿದ ಮೇಲೆ.

ಇದನ್ನೆಲ್ಲ ಓದಿದ ಮೇಲೆ ನನಗೆ 'ಇಮ್ಯುನಿಟಿ ಹೆಚ್ಚಿಸುವ' ಎಂಬ ಜಾಹೀರಾತುಗಳನ್ನು ಕಂಡರೆ ಸಿಟ್ಟು ಬರುತ್ತದೆ. 2020ರ ನಂತರ ನಮ್ಮಲ್ಲಿ ಈ ಮಾತು ಬಿಸ್ಕತ್ತಿನ ಪೊಟ್ಟಣದಿಂದ ಕಷಾಯದ ಪುಡಿಯವರೆಗೆ ಎಲ್ಲದರ ಮೇಲೂ ಇದೆ. ಮನೆಗೆ ಬಂದ ನೆಂಟರು ಅಮ್ಮನ ಬೆರಳು ನೋಡಿ, 'ನಿಮಗೆ ಶಕ್ತಿ ಕಡಿಮೆಯಾಗಿದೆ, ಇಮ್ಯುನಿಟಿಗೆ ಏನಾದರೂ ತೊಗೊಳ್ಳಿ' ಎಂದು ಕಳಕಳಿಯಿಂದಲೇ ಹೇಳುತ್ತಾರೆ. ಅಮ್ಮನ ಕೀಲುಗಳನ್ನು ತಿನ್ನುತ್ತಿರುವುದೇ ಆ ಶಕ್ತಿ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯುತ್ತಿತ್ತು. 2021ರಲ್ಲಿ ಮುಂಬೈಯ ಯಕೃತ್ ತಜ್ಞರು, ಅದನ್ನು ಸೇವಿಸಿದ ಕೆಲವರಲ್ಲಿ ಆಟೊಇಮ್ಯೂನ್ ಹೆಪಟೈಟಿಸ್ ಹೋಲುವ ಯಕೃತ್ತಿನ ಉರಿಯೂತ ಕಂಡದ್ದನ್ನು ವರದಿ ಮಾಡಿದರು. ಬೇರೆ ಬೇರೆ ಊರುಗಳ ಆಸ್ಪತ್ರೆಗಳು ಸೇರಿ ಪ್ರಕಟಿಸಿದ ವರದಿಯೂ ಮುಂದೆ ಬಂತು. ಆಯುಷ್ ಸಚಿವಾಲಯ ಈ ನಂಟನ್ನು ಒಪ್ಪಲಿಲ್ಲ. ಆ ವಾದವನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆಟೊಇಮ್ಯೂನ್ ಕಾಯಿಲೆ ಇರುವವರು ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಯಾವುದನ್ನೇ ಆಗಲಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು ಎಂದು ಮಾತ್ರ ನೆಂಟರಿಗೆ ಹೇಳುತ್ತೇನೆ, ಬೇಸರವಾದರೂ ಸರಿ.

ನಾರಿನ ಅಂಶದ ಬಗ್ಗೆಯೂ ಇದೇ ಎಚ್ಚರ ಬೇಕು. ನಾವು ಜೀರ್ಣಿಸಲಾಗದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಬಿಡುತ್ತವೆ. ಅದು ಕರುಳಿನಲ್ಲಿ ಟಿ-ರೆಗ್‌ಗಳು ಹುಟ್ಟಲು ನೆರವಾಗುತ್ತದೆಂದು 2013ರಲ್ಲಿ ಹಲವು ಗುಂಪುಗಳು ಇಲಿಗಳಲ್ಲಿ ತೋರಿಸಿದವು. ಒಳ್ಳೆಯ ವಿಜ್ಞಾನ. ಇಷ್ಟನ್ನೇ ಹಿಡಿದು, ರಾಗಿಮುದ್ದೆ ತಿಂದರೆ ಸಂಧಿವಾತ ಹೋಗುತ್ತದೆ ಎಂದು ವಿಡಿಯೊ ಮಾಡುವವರನ್ನು ನಂಬಬೇಡಿ. ಮುದ್ದೆಯನ್ನು ಮುದ್ದೆಯ ರುಚಿಗಾಗಿ ತಿನ್ನೋಣ.

ಟಿ-ರೆಗ್‌ಗಳನ್ನು ದೇವರ ಪಟ್ಟಕ್ಕೆ ಏರಿಸುವುದೂ ತಪ್ಪಾಗುತ್ತದೆ. ಕ್ಯಾನ್ಸರ್ ಗಡ್ಡೆಗಳು ಅವುಗಳನ್ನು ಕರೆದು ತಮ್ಮ ಸುತ್ತ ಕೂರಿಸಿಕೊಳ್ಳುತ್ತವೆ. ಗಡ್ಡೆಯನ್ನು ಕೊಲ್ಲಲು ಬಂದ ಕೋಶಗಳನ್ನು ಅವು ಅಲ್ಲೂ ಅದೇ ನಿಷ್ಠೆಯಿಂದ ತಡೆಯುತ್ತವೆ. 2011ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಇಪಿಲಿಮುಮ್ಯಾಬ್ ಸಿಟಿಎಲ್‌ಎ-4ನ್ನು ಮುಚ್ಚುವ ಔಷಧ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮುಂದುವರಿದವರಲ್ಲಿ ಕೆಲವರಿಗೆ ಅದು ವರ್ಷಗಟ್ಟಲೆ ಆಯುಷ್ಯ ಕೊಟ್ಟಿತು. ಜೊತೆಗೆ ಕರುಳಿನ ಉರಿಯೂತ, ಚರ್ಮದ ಗುಳ್ಳೆ, ಥೈರಾಯ್ಡ್ ತೊಂದರೆಗಳನ್ನೂ ತಂದಿತು. 1995ರ ಲೇಖನದ ಆ ಪಟ್ಟಿಯನ್ನು ಓದಿದವರಿಗೆ ಆ ಅಡ್ಡಪರಿಣಾಮಗಳು ಅಚ್ಚರಿಯೆನಿಸುವುದಿಲ್ಲ. ಬಸುರಿನಲ್ಲಿ ಇದರ ಇನ್ನೊಂದು ಮುಖವಿದೆ: ಅರ್ಧದಷ್ಟು ಪರಕೀಯವಾದ ಮಗುವನ್ನು ತಾಯಿಯ ದೇಹ ತಳ್ಳಿಬಿಡದಂತೆ ಕಾಯುವುದರಲ್ಲಿ ಟಿ-ರೆಗ್‌ಗಳ ಪಾಲು ದೊಡ್ಡದು.

ಅಮ್ಮ ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ. ಕೆಲವು ತಿಂಗಳಿಗೊಮ್ಮೆ ರಕ್ತ, ಯಕೃತ್ತಿನ ಪರೀಕ್ಷೆ ಮಾಡಿಸುತ್ತೇವೆ. ಅದು ಒಳ್ಳೆಯ ಔಷಧ. ಅವರ ಕೈಗಳು ಇಷ್ಟಾದರೂ ಆಡುತ್ತಿರುವುದು ಅದರಿಂದ. ಆದರೆ ಅದು ಬೇಕಾದ ಕೋಶ, ಬೇಡದ ಕೋಶ ಎಂದು ನೋಡದೆ ತಗ್ಗಿಸುತ್ತದೆ. ಟಿ-ರೆಗ್‌ಗಳನ್ನೇ ಔಷಧವಾಗಿಸಲು ಹೊರಟವರ ಆಸೆ ಬೇರೆ. ಕಡಿಮೆ ಪ್ರಮಾಣದ ಐಎಲ್-2 ಕೊಟ್ಟು ಅವುಗಳನ್ನು ಹೆಚ್ಚಿಸುವುದು ಒಂದು ದಾರಿ: ಸಿಡಿ25 ಹೇರಳವಾಗಿರುವುದರಿಂದ ಸ್ವಲ್ಪವೇ ಕೊಟ್ಟರೂ ಮೊದಲು ಸಿಗುವುದು ಅವುಗಳಿಗೆ. ರೋಗಿಯ ರಕ್ತದಿಂದ ಟಿ-ರೆಗ್‌ಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿಸುವುದು ಇನ್ನೊಂದು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಮೂರನೆಯದು, ನಿರ್ದಿಷ್ಟ ಅಂಗವನ್ನು ಗುರುತಿಸುವ ಗ್ರಾಹಕವನ್ನು ಅವುಗಳಿಗೆ ತೊಡಿಸಿ ಕಳಿಸುವುದು. ರಾಮ್ಸ್‌ಡೆಲ್ ಸಹಸಂಸ್ಥಾಪಕರಾಗಿರುವ ಸೋನೋಮಾ ಬಯೋಥೆರಪ್ಯೂಟಿಕ್ಸ್, ಸಂಧಿವಾತದ ಕೀಲುಗಳಲ್ಲಿ ಕಾಣುವ ಮಾರ್ಪಟ್ಟ ಪ್ರೋಟೀನುಗಳನ್ನು ಹುಡುಕಿ ಹೋಗುವಂತೆ ತಿದ್ದಿದ ಟಿ-ರೆಗ್‌ಗಳನ್ನು ಮನುಷ್ಯರಲ್ಲಿ ಪರೀಕ್ಷಿಸುವ ಹಂತಕ್ಕೆ ತಂದಿದೆ.

ಅಡ್ಡಿಗಳು ಸಣ್ಣವಲ್ಲ. ಪ್ರತಿ ರೋಗಿಗೂ ಪ್ರತ್ಯೇಕವಾಗಿ ಕೋಶ ಬೆಳೆಸುವ ಖರ್ಚು ಒಂದು. ಅದಕ್ಕಿಂತ ಕಠಿಣವಾದದ್ದು, ಉರಿಯೂತದ ನಡುವೆ ಬಹುಕಾಲ ನಿಂತ ಟಿ-ರೆಗ್‌ಗಳಲ್ಲಿ ಕೆಲವು ಫಾಕ್ಸ್‌ಪಿ3ಯನ್ನು ಕಳೆದುಕೊಂಡು ತಾವೇ ದಾಳಿಕೋರರಾಗಬಲ್ಲವು ಎಂಬುದು. ಹಾಗಾಗದಂತೆ ಆ ಜೀನನ್ನು ತೆರೆದೇ ಇಡುವ ಬಗೆಯನ್ನು ಈಗ ಹಲವು ಪ್ರಯೋಗಾಲಯಗಳು ಹುಡುಕುತ್ತಿವೆ. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಕೊನೆಯವರೆಗೂ ಕೇಳಿ, 'ಅವು ನನ್ನ ಮೈಯಲ್ಲೂ ಇವೆ ತಾನೇ?' ಎಂದರು. ಇವೆ ಅಮ್ಮ, ಎಂದೆ.